ಬರಿಗಾಲಿನ ಓಟವೋ, ಶೂ ತೊಟ್ಟ ಓಟವೋ: ಆರಿಸಿಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಓಟವನ್ನು ಹವ್ಯಾಸವಾಗಿ ಹಿಡಿದವರಿಗೆ ಮೊದಲ ಕೆಲವು ತಿಂಗಳಲ್ಲೇ ಒಂದಕ್ಕೊಂದು ಎದುರಾದ ಎರಡು ಸಲಹೆಗಳು ಸಿಗುತ್ತವೆ. ಮನುಷ್ಯನ ಪಾದ ಎಷ್ಟೋ ಸಾವಿರ ತಲೆಮಾರು ಬರಿದಾಗಿಯೇ ಓಡಿದೆ, ಶೂ ಅದನ್ನು ಸೋಮಾರಿಯಾಗಿಸುತ್ತದೆ ಎಂದು ಒಬ್ಬರು ಹೇಳುತ್ತಾರೆ. ಗಟ್ಟಿ ರಸ್ತೆಯ ಮೇಲೆ ಮೆತ್ತನೆಯ ಶೂ ಇಲ್ಲದೆ ಓಡಿದರೆ ಮಂಡಿ ಉಳಿಯುವುದಿಲ್ಲ ಎಂದು ಇನ್ನೊಬ್ಬರು ಎಚ್ಚರಿಸುತ್ತಾರೆ. ಎರಡು ಮಾತಿನಲ್ಲೂ ಸ್ವಲ್ಪ ಸ್ವಲ್ಪ ಹುರುಳಿದೆ. ಆದರೆ ಇವೆರಡರಲ್ಲಿ ಯಾವುದನ್ನು ನೆಚ್ಚಿ ಹೊರಟರೂ ಪೆಟ್ಟು ತಿನ್ನುವ ಸಾಧ್ಯತೆಯಿದೆ. ಓಡುವಾಗ ದೇಹದ ಮೇಲೆ ಬೀಳುವ ಹೊರೆ ಶೂ ಕಳಚಿದರೂ ಹೋಗುವುದಿಲ್ಲ, ತೊಟ್ಟರೂ ಹೋಗುವುದಿಲ್ಲ. ಅದು ಕಾಲಿನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸರಿಯುತ್ತದೆ, ಅಷ್ಟೇ. ಆದ್ದರಿಂದ ಆಯ್ಕೆ ಮಾಡುವವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು: ನನ್ನ ಕಾಲಿನ ಯಾವ ಭಾಗ ಈಗ ಆ ಹೊರೆಯನ್ನು ಹೊರುವಷ್ಟು ಗಟ್ಟಿಯಾಗಿದೆ, ಮತ್ತು ಗಟ್ಟಿಯಾಗಿಲ್ಲದ ಭಾಗವನ್ನು ಅಣಿಗೊಳಿಸಲು ನಾನು ಎಷ್ಟು ತಿಂಗಳು ಕೊಡಬಲ್ಲೆ? ಮುಂದಿನ ಹೋಲಿಕೆಯೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಪಾದ ನೆಲ ಮುಟ್ಟುವ ಕ್ಷಣ

ಹಿಮ್ಮಡಿಯ ಕೆಳಗೆ ದಪ್ಪ ಮೆತ್ತೆಯಿರುವ ಶೂ ತೊಟ್ಟು ಓಡುವವರಲ್ಲಿ ಬಹುಪಾಲು ಜನರ ಹಿಮ್ಮಡಿಯೇ ಮೊದಲು ನೆಲಕ್ಕೆ ತಾಗುತ್ತದೆ. ಮಂಡಿ ಹೆಚ್ಚುಕಡಿಮೆ ನೆಟ್ಟಗೆ ಚಾಚಿಕೊಂಡು, ಪಾದ ದೇಹಕ್ಕಿಂತ ಮುಂದೆ ಬಂದು ಇಳಿಯುತ್ತದೆ. ಅದೇ ವ್ಯಕ್ತಿ ಶೂ ಕಳಚಿ ಗಟ್ಟಿ ನೆಲದ ಮೇಲೆ ಹಾಗೆಯೇ ಓಡಲು ಹೋದರೆ ಹತ್ತಾರು ಹೆಜ್ಜೆಗಳಲ್ಲೇ ಹಿಮ್ಮಡಿ ನೋಯತೊಡಗುತ್ತದೆ. ಆಗ ಯಾರೂ ಹೇಳಿಕೊಡದಿದ್ದರೂ ಸಾಮಾನ್ಯವಾಗಿ ಹೆಜ್ಜೆಯ ಉದ್ದ ತಗ್ಗುತ್ತದೆ, ನಿಮಿಷಕ್ಕೆ ಇಡುವ ಹೆಜ್ಜೆಗಳ ಸಂಖ್ಯೆ ಏರುತ್ತದೆ, ಮಂಡಿ ತುಸು ಹೆಚ್ಚು ಮಡಚಿಕೊಳ್ಳುತ್ತದೆ. ಪಾದದ ಮುಂಭಾಗವೋ ನಡುಭಾಗವೋ ಮೊದಲು ನೆಲ ಮುಟ್ಟಿ, ಹಿಮ್ಮಡಿ ಅನಂತರ ಮೆಲ್ಲಗೆ ಇಳಿಯುತ್ತದೆ.

ಈ ವ್ಯತ್ಯಾಸವನ್ನು ಅಳೆದು ತೋರಿಸಿದ್ದು ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ. ಬರಿಗಾಲಿನ ಹಿಮ್ಮಡಿ ಮೊದಲು ತಾಗಿದಾಗ, ಪಾದ ನೆಲ ಮುಟ್ಟಿದ 50 ಮಿಲಿಸೆಕೆಂಡುಗಳ ಒಳಗೇ ದೇಹತೂಕದ ಒಂದೂವರೆಯಿಂದ ಮೂರು ಪಟ್ಟಿನಷ್ಟು ಬಲ ಥಟ್ಟನೆ ಕಾಲನ್ನು ಏರುತ್ತದೆ. ಪಾದದ ಮುಂಭಾಗದಿಂದ ಇಳಿಯುವ ಬರಿಗಾಲಿನ ಓಟಗಾರರಲ್ಲಿ, ನೆಲ ಎಷ್ಟೇ ಗಟ್ಟಿಯಾಗಿದ್ದರೂ, ಈ ಥಟ್ಟನೆಯ ಏರಿಕೆ ಕಾಣುವುದಿಲ್ಲವೆನ್ನುವಷ್ಟು ಸಣ್ಣದು. ಬರಿಗಾಲಿನ ಓಟದ ಇತ್ತೀಚಿನ ಅಲೆಗೆ ಬಲ ಕೊಟ್ಟಿದ್ದು ಈ ಅಧ್ಯಯನವೇ. ಆದರೆ ಅದು ಹೇಳಿದ್ದು ಬಲದ ಬಗ್ಗೆ. ಗಾಯ ಕಡಿಮೆಯಾಗುತ್ತದೆ ಎಂಬ ಮಾತನ್ನು ಅದರ ಮೇಲೆ ಹೊರಿಸಿದವರು ಅನಂತರದ ಉತ್ಸಾಹಿಗಳು.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಬರಿಗಾಲಿನವರೆಲ್ಲ ಮುಂಗಾಲಿನ ಮೇಲೇ ಇಳಿಯುತ್ತಾರೆ ಎಂಬುದು ಸರಿಯಲ್ಲ. ಉತ್ತರ ಕೀನ್ಯಾದಲ್ಲಿ ಹುಟ್ಟಿನಿಂದ ಬರಿಗಾಲಿನಲ್ಲೇ ಬದುಕುವ ಡಾಸನಾಕ್ ಜನರಲ್ಲಿ 38 ವಯಸ್ಕರನ್ನು ಓಡಿಸಿ ನೋಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ತಮಗೆ ಹಿತವೆನಿಸಿದ ನಿಧಾನಗತಿಯಲ್ಲಿ ಓಡುವಾಗ ಅವರಲ್ಲಿ ಶೇ. 72ರಷ್ಟು ಮಂದಿ ಹಿಮ್ಮಡಿಯಿಂದಲೇ ಇಳಿದರು. ವೇಗ ಹೆಚ್ಚಿದಂತೆ ಆ ಪ್ರಮಾಣ ಇಳಿಯಿತು. ಅಂದರೆ ಇಳಿಯುವ ಬಗೆಯನ್ನು ಪಾದರಕ್ಷೆಯೊಂದೇ ತೀರ್ಮಾನಿಸುವುದಿಲ್ಲ. ವೇಗ, ನೆಲ, ರೂಢಿ ಎಲ್ಲವೂ ಸೇರಿ ತೀರ್ಮಾನಿಸುತ್ತವೆ. ಹೊಸದಾಗಿ ಬರಿಗಾಲಿಗೆ ಬಂದವರು ಬಲವಂತವಾಗಿ ತುದಿಗಾಲಿನಲ್ಲಿ ಓಡಿ, ಹಿಮ್ಮಡಿಯನ್ನು ನೆಲಕ್ಕೆ ಸೋಕಿಸದೆಯೇ ಮೀನಖಂಡವನ್ನು ದಣಿಸಿಕೊಳ್ಳುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಹಿಮ್ಮಡಿ ಪ್ರತಿ ಹೆಜ್ಜೆಯಲ್ಲೂ ನೆಲ ಮುಟ್ಟಲೇಬೇಕು, ಮೆಲ್ಲಗೆ ಮುಟ್ಟಬೇಕು.

ಹೊರೆ ಎಲ್ಲಿಗೆ ಸರಿಯುತ್ತದೆ?

ಹಿಮ್ಮಡಿಯಿಂದ ಇಳಿದು ಉದ್ದದ ಹೆಜ್ಜೆ ಇಡುವಾಗ ಕೆಲಸದ ದೊಡ್ಡ ಪಾಲು ಮಂಡಿಯ ಮೇಲೆ, ಅದರಲ್ಲೂ ಮಂಡಿಚಿಪ್ಪಿನ ಹಿಂಬದಿಯ ಕೀಲಿನ ಮೇಲೆ ಮತ್ತು ತೊಡೆಯ ಮುಂಭಾಗದ ಸ್ನಾಯುಗಳ ಮೇಲೆ ಬೀಳುತ್ತದೆ. ಹೆಜ್ಜೆ ಚಿಕ್ಕದಾಗಿ ಮುಂಗಾಲಿನಿಂದ ಇಳಿಯತೊಡಗಿದಾಗ ಆ ಪಾಲು ಕೆಳಗೆ ಜಾರುತ್ತದೆ. ಹಿಮ್ಮಡಿ ಅಪ್ಪಳಿಸದಂತೆ ಅದನ್ನು ಹಿಡಿದು ಇಳಿಸುವ ಕೆಲಸ ಮೀನಖಂಡದ ಸ್ನಾಯುಗಳದ್ದು ಮತ್ತು ಅವುಗಳನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ಸ್ನಾಯುರಜ್ಜುವಿನದ್ದು. ಪಾದದ ಮುಂಭಾಗದಲ್ಲಿರುವ ಐದು ತೆಳು ನೀಳ ಮೂಳೆಗಳು ಬಾಗುವ ಒತ್ತಡವನ್ನು ಹೆಚ್ಚು ಸಹಿಸಬೇಕಾಗುತ್ತದೆ. 5 ಕಿಲೋಮೀಟರ್ ಓಟವೆಂದರೆ ಹೆಚ್ಚುಕಡಿಮೆ 5,000 ಹೆಜ್ಜೆ, ಅಂದರೆ ಒಂದೊಂದು ಕಾಲಿಗೆ ಸುಮಾರು 2,500 ಬಾರಿ. ವರ್ಷಗಟ್ಟಲೆ ಹಿಮ್ಮಡಿ ಎತ್ತರಿಸಿದ ಶೂಗಳಲ್ಲಿ ಓಡಿದವರ ಮೀನಖಂಡ ಅಷ್ಟು ಸಲ ಈ ಹೊಸ ಕೆಲಸ ಮಾಡಿ ಗೊತ್ತಿರುವುದಿಲ್ಲ.

ಇದರಿಂದ ಹೊರಡುವ ತೀರ್ಮಾನ ನೇರವಾಗಿದೆ. ಮಂಡಿಚಿಪ್ಪಿನ ಸುತ್ತಲಿನ ನೋವು ಪದೇ ಪದೇ ಮರುಕಳಿಸುವವರಿಗೆ ಬರಿಗಾಲಿನ ಓಟದಿಂದ, ಅಥವಾ ಕನಿಷ್ಠಪಕ್ಷ ಅದರಿಂದ ಕಲಿಯುವ ಚಿಕ್ಕ ಹೆಜ್ಜೆಯಿಂದ, ಉಪಕಾರವಾಗಬಹುದು. ಅಕಿಲಿಸ್ ಸ್ನಾಯುರಜ್ಜುವಿನ ನೋವು, ಮೀನಖಂಡದ ಸೆಳೆತ ಅಥವಾ ಪಾದದ ಮೂಳೆಯ ಬಿರುಕು ಒಮ್ಮೆ ಅನುಭವಿಸಿದವರಿಗೆ ಹಿಮ್ಮಡಿ ಸ್ವಲ್ಪ ಎತ್ತರವಿರುವ ಶೂ ಹೆಚ್ಚು ಕರುಣೆ ತೋರುತ್ತದೆ. ಒಬ್ಬರಿಗೆ ಔಷಧವಾದದ್ದು ಇನ್ನೊಬ್ಬರಿಗೆ ಗಾಯವಾಗುವುದು ಹೀಗೆ. ಸಲಹೆ ಕೊಡುವವರು ತಮ್ಮ ಅನುಭವವನ್ನು ಎಷ್ಟೇ ಪ್ರಾಮಾಣಿಕವಾಗಿ ಹೇಳಿದರೂ, ಅವರ ಹಳೆಯ ನೋವು ಎಲ್ಲಿತ್ತು ಎಂದು ಕೇಳದೆ ಆ ಸಲಹೆಯನ್ನು ತೆಗೆದುಕೊಳ್ಳಬಾರದು.

ಗಾಯಗಳ ಲೆಕ್ಕ ಏನು ಹೇಳುತ್ತದೆ?

2016ರಲ್ಲಿ ಪ್ರಕಟವಾದ ಒಂದು ಅಧ್ಯಯನ 201 ಓಟಗಾರರನ್ನು ಒಂದು ವರ್ಷ ಗಮನಿಸಿತು. ಅವರಲ್ಲಿ 107 ಮಂದಿ ಬರಿಗಾಲಿನವರು, 94 ಮಂದಿ ಶೂ ತೊಡುವವರು. ತಲೆಲೆಕ್ಕದಲ್ಲಿ ಬರಿಗಾಲಿನವರಿಗೆ ಗಾಯ ಕಡಿಮೆ. ಆದರೆ ಅವರು ಓಡಿದ ದೂರವೂ ಕಡಿಮೆಯೇ. ದೂರವನ್ನು ಲೆಕ್ಕಕ್ಕೆ ತಂದಾಗ ಎರಡು ಗುಂಪುಗಳ ಗಾಯದ ಪ್ರಮಾಣ ಸಮಸಮವಾಯಿತು. ಬೇರೆಯಾದದ್ದು ಗಾಯದ ಜಾಗ. ಬರಿಗಾಲಿನವರಲ್ಲಿ ಅಂಗಾಲಿನ ಚರ್ಮದ ಗಾಯ ಮತ್ತು ಮೀನಖಂಡದ ತೊಂದರೆ ಹೆಚ್ಚು; ಶೂ ತೊಟ್ಟವರಲ್ಲಿ ಮಂಡಿ ಮತ್ತು ಸೊಂಟದ ಕೀಲಿನ ನೋವು, ಜೊತೆಗೆ ಹಿಮ್ಮಡಿಯಿಂದ ಬೆರಳುಗಳವರೆಗೆ ಅಂಗಾಲಿನುದ್ದಕ್ಕೂ ಹಬ್ಬಿರುವ ದಪ್ಪ ತಂತುಪಟ್ಟಿಯ ಉರಿಯೂತ ಹೆಚ್ಚು. ಹೊರೆ ಸರಿಯುತ್ತದೆ ಎಂದು ಮೇಲೆ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಮೆತ್ತೆಯ ಪರವಾಗಿಯೂ ಸಾಕ್ಷಿಯಿದೆ. ಲಕ್ಸೆಂಬರ್ಗ್‌ನ ಸಂಶೋಧಕರು 848 ಹವ್ಯಾಸಿ ಓಟಗಾರರಿಗೆ ಹೊರನೋಟಕ್ಕೆ ಒಂದೇ ಬಗೆಯ, ಆದರೆ ಗಡಸು ಮತ್ತು ಮೃದು ಮೆತ್ತೆಯ ಶೂಗಳನ್ನು ಹಂಚಿ ನೋಡಿದಾಗ, ಗಡಸು ಮೆತ್ತೆ ಸಿಕ್ಕವರಲ್ಲಿ ಗಾಯದ ಅಪಾಯ ಸುಮಾರು ಒಂದೂವರೆ ಪಟ್ಟು ಇತ್ತು. ಮೃದು ಮೆತ್ತೆ ಭಾರವಾದವರಿಗೇ ಹೆಚ್ಚು ಬೇಕು ಎಂಬ ಸಾಮಾನ್ಯ ನಂಬಿಕೆಗೆ ವ್ಯತಿರಿಕ್ತವಾಗಿ, ಅದರ ಪ್ರಯೋಜನ ಹಗುರ ಮೈಕಟ್ಟಿನವರಲ್ಲಿ ಹೆಚ್ಚು ಸ್ಪಷ್ಟವಾಗಿ ಕಂಡಿತು. ಇದು 2020ರ ಫಲಿತಾಂಶ. ಆದ್ದರಿಂದ ಮೆತ್ತೆಯೆಂದರೆ ಬರೀ ಮಾರಾಟದ ಮಾತು ಎಂದು ತಳ್ಳಿಹಾಕುವವರೊಡನೆ ನಾನು ಸೇರಲಾರೆ.

ಮಾರಾಟದ ಮಾತು ಅತಿಯಾದದ್ದು ಎರಡೂ ಕಡೆ. ಬೆರಳುಗಳಿಗೆ ಒಂದೊಂದು ಗವಸಿರುವ ‘ಫೈವ್‌ಫಿಂಗರ್ಸ್’ ಎಂಬ ತೆಳು ಅಟ್ಟೆಯ ಪಾದರಕ್ಷೆಯನ್ನು ಮಾರುವ ವೈಬ್ರಮ್ ಕಂಪನಿ, ಅದು ಪಾದವನ್ನು ಬಲಪಡಿಸಿ ಗಾಯವನ್ನು ತಗ್ಗಿಸುತ್ತದೆ ಎಂಬ ಜಾಹೀರಾತಿನ ವಿಚಾರದಲ್ಲಿ ಅಮೆರಿಕದಲ್ಲಿ ಹೂಡಲಾದ ದಾವೆಯನ್ನು 2014ರಲ್ಲಿ 37.5 ಲಕ್ಷ ಡಾಲರ್ ಕೊಡಲು ಒಪ್ಪಿ, ತಪ್ಪೊಪ್ಪಿಕೊಳ್ಳದೆಯೇ, ಇತ್ಯರ್ಥ ಮಾಡಿಕೊಂಡಿತು. ಇತ್ತ, ಪಾದ ಒಳಮುಖವಾಗಿ ವಾಲುವುದನ್ನು ತಡೆಯುವ, ಹಿಮ್ಮಡಿ ಎತ್ತರಿಸಿದ ಶೂಗಳನ್ನು ಓಟಗಾರರಿಗೆ ಶಿಫಾರಸು ಮಾಡುವುದಕ್ಕೆ ಪ್ರಯೋಗಗಳ ಆಧಾರವೇ ಇಲ್ಲವೆಂದು 2009ರ ಒಂದು ಸಮೀಕ್ಷಾ ಲೇಖನ ತೋರಿಸಿತ್ತು.

ವೇಗ ಮತ್ತು ಶ್ರಮ

ಬರಿಗಾಲಿನ ಓಟದ ಮಾತು ಬಂದಾಗಲೆಲ್ಲ ಇಥಿಯೋಪಿಯಾದ ಅಬೆಬೆ ಬಿಕಿಲಾ ನೆನಪಾಗುತ್ತಾರೆ. 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಅವರು ಬರಿಗಾಲಿನಲ್ಲಿ ಓಡಿ, 2 ಗಂಟೆ 15 ನಿಮಿಷ 16 ಸೆಕೆಂಡುಗಳಲ್ಲಿ ಗೆದ್ದರು. ಆದರೆ ಕತೆಯನ್ನು ಅಲ್ಲಿಗೇ ನಿಲ್ಲಿಸುವುದು ಅರ್ಧ ಹೇಳಿದಂತೆ. ನಾಲ್ಕು ವರ್ಷಗಳ ಅನಂತರ, 1964ರ ಟೋಕಿಯೊದಲ್ಲಿ, ಅದೇ ಬಿಕಿಲಾ ಶೂ ತೊಟ್ಟು 2 ಗಂಟೆ 12 ನಿಮಿಷ 11 ಸೆಕೆಂಡುಗಳಲ್ಲಿ ಮತ್ತೆ ಗೆದ್ದರು, ಅದೂ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾದ ಕೆಲವೇ ವಾರಗಳಲ್ಲಿ. ರೋಮ್‌ನಲ್ಲಿ ಅವರು ಬರಿಗಾಲನ್ನು ಆರಿಸಿಕೊಂಡಿದ್ದು, ಸಿಕ್ಕ ಶೂ ಹಿತವಾಗಿ ಕೂರದೆ ಹೋದದ್ದರಿಂದ. ಬರಿಗಾಲಿನಲ್ಲಿ ಅಭ್ಯಾಸ ಮಾಡಿದ್ದ ಪಾದ ಅವರಿಗಿತ್ತು ಎಂಬುದು ಇಲ್ಲಿ ಮುಖ್ಯ. ಬರಿಗಾಲಿನ ಓಟಕ್ಕೇ ಹೆಸರಾದ ಝೋಲಾ ಬಡ್ 1985ರಲ್ಲಿ 5,000 ಮೀಟರನ್ನು 14 ನಿಮಿಷ 48.07 ಸೆಕೆಂಡುಗಳಲ್ಲಿ ಓಡಿ ಮಹಿಳೆಯರ ವಿಶ್ವದಾಖಲೆ ಮಾಡಿದರು. ಇಂದಿಗೂ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ನಿಯಮಗಳು ಬರಿಗಾಲಿನಲ್ಲಿ ಸ್ಪರ್ಧಿಸಲು, ಬೇಕಿದ್ದರೆ ಒಂದೇ ಕಾಲಿಗೆ ಶೂ ತೊಟ್ಟು ಸ್ಪರ್ಧಿಸಲು ಸಹ, ಅವಕಾಶ ಕೊಡುತ್ತವೆ.

ಶ್ರಮದ ಲೆಕ್ಕಕ್ಕೆ ಬಂದರೆ, ಒಂದೊಂದು ಪಾದಕ್ಕೆ 100 ಗ್ರಾಂ ತೂಕ ಸೇರಿದರೆ ದೇಹ ಬಳಸುವ ಆಮ್ಲಜನಕ ಸುಮಾರು ಶೇ. 1ರಷ್ಟು ಹೆಚ್ಚುತ್ತದೆ. ಹಾಗಾದರೆ ತೂಕವೇ ಇಲ್ಲದ ಬರಿಗಾಲು ಅತ್ಯಂತ ಮಿತವ್ಯಯಿಯಾಗಬೇಕಿತ್ತು. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಬರಿಗಾಲಿನ ರೂಢಿಯಿದ್ದ ಓಟಗಾರರನ್ನೇ ಅಳೆದ 2012ರ ಅಧ್ಯಯನದಲ್ಲಿ ಹಾಗಾಗಲಿಲ್ಲ: ಸುಮಾರು 150 ಗ್ರಾಂ ತೂಕದ ಹಗುರ ಶೂಗಿಂತ ಬರಿಗಾಲು ಅಗ್ಗವಾಗಿರಲಿಲ್ಲ. ಪಾದಕ್ಕೆ ಸೀಸದ ಪಟ್ಟಿ ಕಟ್ಟಿ ತೂಕವನ್ನು ಸಮ ಮಾಡಿದಾಗ ಶೂ ತೊಟ್ಟ ಓಟವೇ ಶೇ. 3ರಿಂದ 4ರಷ್ಟು ಕಡಿಮೆ ಶ್ರಮದ್ದಾಗಿತ್ತು. ಮೆತ್ತೆ ಮಾಡುವ ಕೆಲಸವನ್ನು ಬರಿಗಾಲಿನಲ್ಲಿ ಸ್ನಾಯುಗಳೇ ಮಾಡಬೇಕಾಗುತ್ತದೆ, ಆ ಕೆಲಸಕ್ಕೂ ಶಕ್ತಿ ಬೇಕು ಎಂಬುದು ಇದಕ್ಕೆ ಕೊಡಬಹುದಾದ ಸರಳ ವಿವರಣೆ. ಈಚಿನ ದಪ್ಪ ನೊರೆಯ, ಒಳಗೆ ಇಂಗಾಲದ ನಾರಿನ ತಗಡಿರುವ ಸ್ಪರ್ಧಾ ಶೂಗಳಂತೂ ಈ ಅಂತರವನ್ನು ಇನ್ನಷ್ಟು ಹಿಗ್ಗಿಸಿವೆ. ರಸ್ತೆ ಓಟದ ಶೂಗಳ ಅಟ್ಟೆ 40 ಮಿ.ಮೀ. ಮೀರಬಾರದೆಂದು 2020ರಲ್ಲಿ ನಿಯಮವನ್ನೇ ತರಬೇಕಾಯಿತು. ಗಡಿಯಾರದ ವಿರುದ್ಧ ಓಡುವವರು ಬರಿಗಾಲನ್ನು ಆರಿಸಿಕೊಳ್ಳಲು ಕಾರಣವಿಲ್ಲ. ಬರಿಗಾಲಿನ ಪರವಾಗಿ ಹೇಳಬಹುದಾದ ಒಳ್ಳೆಯ ಮಾತುಗಳು ಬೇರೆಡೆ ಇವೆ.

ಚರ್ಮ, ನೆಲ, ಹವೆ

ಬರಿಗಾಲಿನ ಓಟದ ನಿಜವಾದ ಗುರು ಅಂಗಾಲಿನ ಚರ್ಮ. ತಪ್ಪು ಹೆಜ್ಜೆಯನ್ನು ಅದು ಅಲ್ಲಿಯೇ ತಿದ್ದುತ್ತದೆ, ಸಾಕಾದಾಗ ಸಾಕೆನ್ನುತ್ತದೆ. ಅಭ್ಯಾಸವಾದಂತೆ ಚರ್ಮ ಜಡ್ಡುಗಟ್ಟಿದರೆ ಈ ಸೂಕ್ಷ್ಮ ಸ್ಪರ್ಶ ಹೋಗಿಬಿಡುವುದಿಲ್ಲವೇ ಎಂಬ ಶಂಕೆ ನನಗೂ ಇತ್ತು. ಬರಿಗಾಲಿನಲ್ಲಿ ಬೆಳೆದವರ ದಪ್ಪ ಜಡ್ಡು ಅಂಗಾಲಿನ ಸಂವೇದನೆಯನ್ನು ಕುಗ್ಗಿಸುವುದಿಲ್ಲ ಎಂದು 2019ರಲ್ಲಿ ‘ನೇಚರ್’ನಲ್ಲಿ ಬಂದ ಅಧ್ಯಯನ ತೋರಿಸಿದ ಮೇಲೆ ಅದು ನಿವಾರಣೆಯಾಯಿತು. ಜಡ್ಡು ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಒತ್ತಡ ಅದರ ಮೂಲಕ ಒಳಗಿನ ನರಗಳನ್ನು ತಲುಪುತ್ತದೆ. ಮೆತ್ತನೆಯ ಅಟ್ಟೆ ಅದೇ ಒತ್ತಡವನ್ನು ಹರಡಿ ಮಂಕಾಗಿಸುತ್ತದೆ.

ಆದರೆ ಚರ್ಮಕ್ಕೂ ಮಿತಿಯಿದೆ. ಗಾಜಿನ ಚೂರು, ಮೊಳೆ, ಮುಳ್ಳುಗಳನ್ನು ಯಾವ ಜಡ್ಡೂ ತಡೆಯುವುದಿಲ್ಲ. ಗಾಳಿಯ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಇರುವಾಗ ಬಿಸಿಲಿಗೆ ಕಾದ ಡಾಂಬರು 60 ಡಿಗ್ರಿ ಮುಟ್ಟಬಹುದು. ಅದರ ಮೇಲೆ ಬರಿಗಾಲಿಟ್ಟರೆ ಸುಟ್ಟ ಗಾಯವಾಗುತ್ತದೆ. ಕೊರೆಯುವ ಚಳಿಯಲ್ಲಿ ಪಾದ ಮರಗಟ್ಟಿ, ಎಚ್ಚರಿಸಬೇಕಾದ ಗುರುವೇ ಮೌನವಾಗುತ್ತದೆ. ಮಲದಿಂದ ಕಲುಷಿತವಾದ ತೇವದ ಮಣ್ಣಿರುವ ಕಡೆ ಕೊಕ್ಕೆಹುಳು ಚರ್ಮದ ಮೂಲಕವೇ ದೇಹವನ್ನು ಹೊಗುತ್ತದೆ. ಬರಿಗಾಲಿನಲ್ಲಿ ಓಡಲು ತೀರ್ಮಾನಿಸಿದವರು ಧನುರ್ವಾಯುವಿನ ಲಸಿಕೆಯನ್ನು ಸಕಾಲಕ್ಕೆ ಹಾಕಿಸಿಕೊಂಡಿರಬೇಕು.

ನೆಲದ ಆಯ್ಕೆಯಲ್ಲಿ ಒಂದು ತಪ್ಪುಗ್ರಹಿಕೆ ಸಾಮಾನ್ಯ. ಹುಲ್ಲು ಮೆತ್ತಗಿರುತ್ತದೆ, ಆದ್ದರಿಂದ ಅಲ್ಲಿಂದಲೇ ಶುರು ಮಾಡಬೇಕು ಎನ್ನುತ್ತಾರೆ. ಹುಲ್ಲು ತನ್ನೊಳಗಿರುವುದನ್ನು ಮರೆಮಾಡುತ್ತದೆ. ಜೊತೆಗೆ ಅದರ ಮೃದುತ್ವ ಹಿಮ್ಮಡಿಯಿಂದ ಜೋರಾಗಿ ಇಳಿಯುವ ಹಳೆಯ ರೂಢಿಯನ್ನು ತಿದ್ದದೆ ಬಿಡುತ್ತದೆ. ನುಣುಪಾದ, ಸ್ವಚ್ಛವಾದ, ಕಣ್ಣಿಗೆ ಪೂರ್ತಿ ಕಾಣುವ ಗಟ್ಟಿ ನೆಲವೇ ಕಲಿಕೆಗೆ ಮೇಲು ಎಂಬುದು ನನ್ನ ಅಭಿಪ್ರಾಯ. ಜಲ್ಲಿಕಲ್ಲಿನ ದಾರಿ ಅನುಭವಿಗಳಿಗೂ ಕಠಿಣ. ಟ್ರೆಡ್‌ಮಿಲ್‌ನ ಪಟ್ಟಿ ಉಜ್ಜಿ ಉಜ್ಜಿ ಬಿಸಿಯಾಗಿ ಬೇಗ ಬೊಬ್ಬೆ ಬರಿಸುತ್ತದೆ.

ಪಾದದ ಬಲ

ಒಂದು ಪಾದದಲ್ಲಿ 26 ಮೂಳೆಗಳಿವೆ. ಅವುಗಳ ನಡುವೆ ಕಮಾನನ್ನು ಎತ್ತಿಹಿಡಿಯುವ ಪುಟ್ಟ ಸ್ನಾಯುಗಳಿವೆ. ದಪ್ಪ, ಬಾಗದ ಅಟ್ಟೆಯ ಮೇಲೆ ಇವುಗಳಿಗೆ ಕೆಲಸ ಕಡಿಮೆ. ತೆಳು ಅಟ್ಟೆಯ ಪಾದರಕ್ಷೆಯಲ್ಲಿ ಎಂಟು ವಾರ ಬರೀ ನಡೆದಾಡಿದ ಓಟಗಾರರಲ್ಲಿ ಈ ಸ್ನಾಯುಗಳು, ಪಾದಕ್ಕೆಂದೇ ವ್ಯಾಯಾಮ ಮಾಡಿದವರಲ್ಲಿ ಬೆಳೆದಷ್ಟೇ ಬೆಳೆದವು ಎಂದು 2019ರ ಪ್ರಯೋಗವೊಂದು ಹೇಳುತ್ತದೆ. ಮಕ್ಕಳ ವಿಷಯದಲ್ಲಿ 1992ರಲ್ಲಿ ಪ್ರಕಟವಾದ ಸಮೀಕ್ಷೆಯೊಂದಿದೆ: 4ರಿಂದ 13 ವರ್ಷದ 2,300 ಮಕ್ಕಳಲ್ಲಿ, ಪಾದರಕ್ಷೆ ತೊಡುವವರ ಪೈಕಿ ಚಪ್ಪಟೆ ಪಾದ ಶೇ. 8.6ರಷ್ಟು, ಬರಿಗಾಲಿನವರ ಪೈಕಿ ಶೇ. 2.8ರಷ್ಟು ಕಂಡುಬಂತು. ಚಪ್ಪಟೆ ಪಾದವೆಲ್ಲ ರೋಗವಲ್ಲ, ಆದರೂ ಬೆಳೆಯುವ ಪಾದಕ್ಕೆ ಬರಿನೆಲದ ಒಡನಾಟ ಬೇಕು ಎಂದು ನಂಬಲು ಇದು ಸಾಕಷ್ಟು ಕಾರಣ ಕೊಡುತ್ತದೆ. ವಯಸ್ಕರಿಗೆ ಇಲ್ಲಿರುವ ಒಳ್ಳೆಯ ಸುದ್ದಿ ಎಂದರೆ ಪಾದವನ್ನು ಬಲಪಡಿಸಲು ಬರಿಗಾಲಿನಲ್ಲಿ ಓಡಲೇಬೇಕಾಗಿಲ್ಲ; ಬರಿಗಾಲಿನ ನಡಿಗೆಯೇ ಬಹುಪಾಲು ಕೆಲಸ ಮಾಡುತ್ತದೆ.

ನಡುದಾರಿಯೆಂಬ ತೆಳು ಶೂ

ಬರಿಗಾಲಿಗೂ ದಪ್ಪ ಶೂಗೂ ನಡುವೆ ‘ಮಿನಿಮಲ್’ ಎಂದು ಕರೆಯುವ ತೆಳು ಶೂಗಳಿವೆ. ಇವುಗಳನ್ನು ಅಳೆಯುವ ಮಾಪಕವೊಂದನ್ನು 2015ರಲ್ಲಿ ತಜ್ಞರ ಗುಂಪೊಂದು ರೂಪಿಸಿತು. ಶೂವಿನ ತೂಕ, ಅಟ್ಟೆಯ ದಪ್ಪ, ಹಿಮ್ಮಡಿಗೂ ಮುಂಗಾಲಿಗೂ ಇರುವ ಎತ್ತರದ ವ್ಯತ್ಯಾಸ, ಬಾಗುವ ಗುಣ, ಪಾದವನ್ನು ನಿಯಂತ್ರಿಸುವ ಸಾಧನಗಳ ಇರುವಿಕೆ ಎಂಬ ಐದು ಅಂಶಗಳನ್ನು ಅದು ನೋಡುತ್ತದೆ. ಸಾಮಾನ್ಯ ಓಟದ ಶೂಗಳಲ್ಲಿ ಹಿಮ್ಮಡಿ ಮುಂಗಾಲಿಗಿಂತ 8ರಿಂದ 12 ಮಿ.ಮೀ. ಎತ್ತರವಿದ್ದರೆ, ತೆಳು ಶೂಗಳಲ್ಲಿ ಆ ವ್ಯತ್ಯಾಸ ಸೊನ್ನೆ ಅಥವಾ ಸೊನ್ನೆಗೆ ಹತ್ತಿರ. ಎತ್ತರದ ವ್ಯತ್ಯಾಸ ಸೊನ್ನೆಯಾಗಿದ್ದೂ ಅಟ್ಟೆ 30 ಮಿ.ಮೀ. ದಪ್ಪವಿರುವ ಶೂಗಳೂ ಇವೆ. ಅವನ್ನು ತೆಳು ಶೂವೆಂದು ತಿಳಿದು ಕೊಳ್ಳಬಾರದು.

ಸುರಕ್ಷಿತ ನಡುದಾರಿಯಂತೆ ಕಾಣುವ ಈ ತೆಳು ಶೂ ಹೊಸಬರಿಗೆ ಬರಿಗಾಲಿಗಿಂತ ಹೆಚ್ಚು ಅಪಾಯಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬರಿಗಾಲಿನಲ್ಲಿ ಚರ್ಮ ಒಂದು ಕಿಲೋಮೀಟರಿಗೇ ಸಾಕೆನ್ನುತ್ತದೆ. ತೆಳು ಅಟ್ಟೆ ಆ ಚರ್ಮವನ್ನು ಕಾಪಾಡಿಬಿಡುತ್ತದೆ, ಮೂಳೆ ಮತ್ತು ಸ್ನಾಯುರಜ್ಜುಗಳನ್ನು ಕಾಪಾಡುವುದಿಲ್ಲ. ಓಟಗಾರ ಹಾಯಾಗಿ ಆರೇಳು ಕಿಲೋಮೀಟರ್ ಓಡಿಬಿಡುತ್ತಾನೆ. ನಾನೂ ಹಾಗೆಯೇ ಮಾಡಿದೆ: ಮೂರನೆಯ ವಾರಕ್ಕೇ 6 ಕಿಲೋಮೀಟರಿಗೆ ಏರಿ, ಎಡಗಾಲಿನ ಎರಡನೆಯ ಬೆರಳಿನ ಹಿಂದಿನ ಮೂಳೆಯಲ್ಲಿ ನೋವು ಕಚ್ಚಿಕೊಂಡು, ಏಳು ವಾರ ಓಟವನ್ನೇ ಬಿಡಬೇಕಾಯಿತು. 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅನುಭವಿ ಓಟಗಾರರಲ್ಲಿ 19 ಮಂದಿ ಹತ್ತು ವಾರಗಳಲ್ಲಿ ಹಂತಹಂತವಾಗಿ ತೆಳು ಪಾದರಕ್ಷೆಗೆ ಬದಲಾದರು. ಎಂಆರ್‌ಐ ತೆಗೆದು ನೋಡಿದಾಗ ಅವರಲ್ಲಿ 10 ಮಂದಿಯ ಪಾದದ ಮೂಳೆಮಜ್ಜೆಯಲ್ಲಿ ಊತ ಹೆಚ್ಚಿತ್ತು. ಮೂಳೆ ಬಿರುಕು ಬಿಡುವ ಮುನ್ನ ಕಾಣಿಸಿಕೊಳ್ಳುವ ಸೂಚನೆ ಅದು. ಹತ್ತು ವಾರ ಸಾಲದು ಎಂಬುದೇ ಇದರ ಪಾಠ. ಸ್ನಾಯು ಕೆಲವು ವಾರಗಳಲ್ಲಿ ಬಲಗೊಳ್ಳುತ್ತದೆ. ಸ್ನಾಯುರಜ್ಜು ಮತ್ತು ಮೂಳೆ ತಿಂಗಳುಗಳನ್ನು ಕೇಳುತ್ತವೆ.

ಯಾರಿಗೆ ಯಾವುದು?

ಮಧುಮೇಹದಿಂದ ಅಥವಾ ಬೇರೆ ಕಾರಣದಿಂದ ಪಾದದ ಸ್ಪರ್ಶಜ್ಞಾನ ಕುಗ್ಗಿದವರು, ಪಾದಕ್ಕೆ ರಕ್ತಸಂಚಾರ ಸರಿಯಿಲ್ಲದವರು, ಗಾಯ ಬೇಗ ಮಾಗದವರು ಬರಿಗಾಲಿನಲ್ಲಿ ಓಡಲೇಬಾರದು. ಇದರಲ್ಲಿ ಚರ್ಚೆಗೆ ಅವಕಾಶವಿಲ್ಲ. ಮೂಳೆಸವೆತವಿರುವವರು ವೈದ್ಯರನ್ನು ಕೇಳದೆ ತೆಳು ಅಟ್ಟೆಗೆ ಇಳಿಯಬಾರದು. ದೇಹತೂಕ ಹೆಚ್ಚಿರುವವರಿಗೆ ತೆಳು ಶೂಗಳಲ್ಲಿ ಗಾಯದ ಅಪಾಯ ಹೆಚ್ಚೆಂದು ಕಂಡುಬಂದಿದೆ, ಆದ್ದರಿಂದ ಅವರು ಮೆತ್ತೆಯಿರುವ ಶೂನಿಂದ ಆರಂಭಿಸುವುದು ಲೇಸು.

ಮೂರು ನಾಲ್ಕು ತಿಂಗಳಲ್ಲಿ ಮ್ಯಾರಥಾನ್ ಅಥವಾ ಅರೆ ಮ್ಯಾರಥಾನ್ ಓಡಬೇಕೆಂದಿರುವವರು ಈಗ ಏನನ್ನೂ ಬದಲಿಸಬಾರದು. ದೂರ ಏರುತ್ತಿರುವ ಹೊತ್ತಿನಲ್ಲಿ ಹೊರೆಯ ಜಾಗವನ್ನೂ ಬದಲಿಸಿದರೆ ಎರಡು ಹೊಸ ಒತ್ತಡಗಳು ಒಟ್ಟಿಗೆ ಬಂದಂತಾಗುತ್ತದೆ. ಶೂ ತೊಟ್ಟು ವರ್ಷಗಳಿಂದ ನೋವಿಲ್ಲದೆ ಓಡುತ್ತಿರುವವರಿಗೂ ಬದಲಿಸಲು ಒತ್ತಾಯವೇನಿಲ್ಲ. ಮಂಡಿ ನೋವು ಬಿಡದವರು ಮೊದಲು ಶೂ ತೊಟ್ಟೇ ಹೆಜ್ಜೆಯನ್ನು ಚಿಕ್ಕದಾಗಿಸಿ, ನಿಮಿಷಕ್ಕೆ ಇಡುವ ಹೆಜ್ಜೆಗಳ ಸಂಖ್ಯೆಯನ್ನು ಶೇ. 5ರಿಂದ 10ರಷ್ಟು ಏರಿಸಿ ನೋಡಬೇಕು. ಎಷ್ಟೋ ಜನರಿಗೆ ಅಷ್ಟರಿಂದಲೇ ಮಂಡಿಯ ಭಾರ ತಗ್ಗುತ್ತದೆ. ಸ್ಪರ್ಧೆಯ ಗುರಿಯಿಲ್ಲದೆ, ಓಟದ ರೀತಿಯನ್ನೇ ಕಲಿಯಲು ಒಂದು ವರ್ಷ ಕೊಡಬಲ್ಲವರು, ಸ್ವಚ್ಛವಾದ ನೆಲ ಹತ್ತಿರವಿರುವವರು ಬರಿಗಾಲನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು. ನೆಲವನ್ನು ಅಂಗಾಲಿನಿಂದ ಅರಿಯುತ್ತ ಓಡುವ ಸಂತೋಷ ಯಾವ ಅಳತೆಗೂ ಸಿಗುವಂಥದ್ದಲ್ಲ. ಆ ಸಂತೋಷವೊಂದೇ ಸಾಕಷ್ಟು ಕಾರಣವೆಂದು ನಾನು ಒಪ್ಪುತ್ತೇನೆ.

ಎರಡನ್ನೂ ಇಟ್ಟುಕೊಳ್ಳುವುದು ಮೂರನೆಯ ದಾರಿ. ಲಕ್ಸೆಂಬರ್ಗ್‌ನಲ್ಲಿ 264 ಓಟಗಾರರನ್ನು 22 ವಾರ ಗಮನಿಸಿದಾಗ, ಒಂದಕ್ಕಿಂತ ಹೆಚ್ಚು ಬಗೆಯ ಶೂಗಳನ್ನು ಸರದಿಯಂತೆ ಬಳಸಿದವರಲ್ಲಿ ಗಾಯದ ಅಪಾಯ ಶೇ. 39ರಷ್ಟು ಕಡಿಮೆಯಿತ್ತು. ಒಂದೇ ಜಾಗಕ್ಕೆ ಒಂದೇ ಬಗೆಯ ಒತ್ತಡ ದಿನವೂ ಬೀಳದಿರುವುದು ಇದಕ್ಕೆ ಕಾರಣವಿರಬಹುದು. ವಾರಕ್ಕೆ ಮೂರು ದಿನ ಶೂ, ಒಂದು ದಿನ ಚಿಕ್ಕ ದೂರ ಬರಿಗಾಲು ಎಂಬ ನನ್ನ ಈಗಿನ ಕ್ರಮಕ್ಕೆ ಇದೇ ಆಧಾರ.

ಬದಲಾಗುವುದಾದರೆ ಹೇಗೆ?

ಮೊದಲ ನಾಲ್ಕು ವಾರ ಓಟ ಬೇಡ. ದಿನಕ್ಕೆ ಅರ್ಧ ಗಂಟೆಯಾದರೂ ಬರಿಗಾಲಿನಲ್ಲಿ ನಡೆಯಬೇಕು. ಒಂಟಿಕಾಲಿನಲ್ಲಿ ನಿಂತು ಹಿಮ್ಮಡಿಯನ್ನು ಎತ್ತಿ ನಿಧಾನವಾಗಿ ಇಳಿಸುವ ವ್ಯಾಯಾಮವನ್ನು ಒಂದೊಂದು ಕಾಲಿನಲ್ಲಿ ಸತತವಾಗಿ 25 ಬಾರಿ ಮಾಡುವ ಮಟ್ಟಕ್ಕೆ ಬರಬೇಕು. ಅನಂತರ, ಎಂದಿನ ಓಟ ಮುಗಿದ ಮೇಲೆ ಶೂ ಕಳಚಿ 200ರಿಂದ 400 ಮೀಟರ್ ಓಡಬೇಕು, ಅದೂ ವಾರಕ್ಕೆ ಎರಡು ಮೂರು ಸಲ, ನಡುವೆ ಬಿಡುವು ಕೊಟ್ಟು. ದೇಹ ನೆಟ್ಟಗಿರಲಿ, ಪಾದ ದೇಹದ ಅಡಿಯಲ್ಲೇ ಇಳಿಯಲಿ, ಹೆಜ್ಜೆಯ ಸದ್ದು ಆದಷ್ಟು ಕಡಿಮೆಯಿರಲಿ. ಸದ್ದು ಕೇಳಿಸುತ್ತಿದ್ದರೆ ಎಲ್ಲೋ ತಪ್ಪುತ್ತಿದೆ ಎಂದೇ ಅರ್ಥ. ವಾರಕ್ಕೆ ಒಂದೆರಡು ನೂರು ಮೀಟರಿಗಿಂತ ಹೆಚ್ಚು ಏರಿಸದೆ, ಏರಿಸಿದ ದೂರವನ್ನು ಶೂ ತೊಟ್ಟು ಓಡುವ ದೂರದಿಂದ ಕಳೆಯಬೇಕು. ಹನ್ನೆರಡು ಮಿ.ಮೀ. ಎತ್ತರದ ಹಿಮ್ಮಡಿಯಿಂದ ಸೊನ್ನೆಗೆ ಹೋಗುವವರು ನಡುವೆ 8, ಆಮೇಲೆ 4 ಮಿ.ಮೀ. ಇರುವ ಶೂಗಳಲ್ಲಿ ಕೆಲವು ತಿಂಗಳು ಕಳೆಯುವುದು ಒಳ್ಳೆಯದು.

ನೋವನ್ನು ಓದುವುದು ಕಲಿಯಬೇಕಾದ ವಿದ್ಯೆ. ಎರಡೂ ಮೀನಖಂಡಗಳು ಸಮನಾಗಿ ಬಿಗಿದುಕೊಂಡು ಎರಡು ದಿನದಲ್ಲಿ ಸಡಿಲಾದರೆ ಅದು ಕೆಲಸ ನಡೆದಿರುವುದರ ಗುರುತು. ಬೆಳಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಗಳಲ್ಲಿ ಹಿಮ್ಮಡಿಯ ಹಿಂಭಾಗ ಗಡುಸಾಗಿದ್ದರೆ ಬರಿಗಾಲಿನ ದೂರವನ್ನು ಅರ್ಧಕ್ಕೆ ಇಳಿಸಬೇಕು. ಪಾದದ ಮೇಲ್ಭಾಗದಲ್ಲಿ ಬೆರಳಿಟ್ಟು ತೋರಿಸಬಹುದಾದಷ್ಟು ಸಣ್ಣ ಜಾಗದಲ್ಲಿ, ಒಂದೇ ಕಾಲಿನಲ್ಲಿ, ಒತ್ತಿದರೆ ನೋಯುತ್ತಿದ್ದರೆ ಅಂದೇ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಶೂವನ್ನೇ ಆರಿಸಿಕೊಂಡವರಿಗೆ ಹೇಳಬೇಕಾದದ್ದು ಕಡಿಮೆ. ಪಾದ ಸ್ವಲ್ಪ ಊದಿಕೊಂಡಿರುವ ಸಂಜೆ ಹೊತ್ತಿನಲ್ಲಿ ತೊಟ್ಟು ನೋಡಿ, ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯುವುದನ್ನು, ಬೆರಳುಗಳು ಪಕ್ಕಕ್ಕೆ ಹರಡಿಕೊಳ್ಳಲು ಎಡೆಯಿರುವುದನ್ನು ಖಚಿತಪಡಿಸಿಕೊಂಡು, ಅಂಗಡಿಯಲ್ಲೇ ನಾಲ್ಕು ಹೆಜ್ಜೆ ಓಡಿದಾಗ ಹಿತವೆನಿಸಿದ್ದನ್ನು ಕೊಳ್ಳಬೇಕು. 500ರಿಂದ 800 ಕಿಲೋಮೀಟರಿನ ನಡುವೆ ಮೆತ್ತೆ ಸೊರಗುತ್ತದೆ, ಆಗ ಬದಲಿಸಬೇಕು.

ಕಾಯಿಲೆಯಿಂದಲೋ ಪ್ರಯಾಣದಿಂದಲೋ ಒಂದು ತಿಂಗಳು ಓಟ ನಿಂತುಹೋದರೆ, ಶೂ ತೊಟ್ಟ ಓಟವನ್ನು ಹಿಂದಿನ ದೂರದ ಅರ್ಧದಿಂದ ಮತ್ತೆ ಹಿಡಿಯಬಹುದು. ಬರಿಗಾಲಿನ ಪಾಲನ್ನು ಮಾತ್ರ ಹಾಗೆ ಹಿಡಿಯಲಾಗದು. ಅಷ್ಟರಲ್ಲಿ ಅಂಗಾಲು ಮೆತ್ತಗಾಗಿರುತ್ತದೆ; ಮತ್ತೆ 200 ಮೀಟರಿನಿಂದಲೇ ಆರಂಭಿಸಬೇಕು.